ತಾಯಿ ಬೆಕ್ಕಿಗೂ ಟೈಮ್ ಕೊಡುವ ಕ್ಲಿನಿಕ್

ಬೆಕ್ಕು ಮರಿ ಹಾಕಿದೆ ಅಂತ ಗೊತ್ತಾದರೆ ಸಾಕು, ನಮ್ಮ ಅಮ್ಮತ್ತಿ ಕಡೆ ಎಲ್ಲರೂ ಹೇಳುವುದು ಒಂದೇ: "ಅಕ್ಕ, ನಮಗೊಂದು ಮರಿ ಇಟ್ಟಿರಿ." ತೋಟದ ಮನೆ, ಇಲಿ ಕಾಟ ಜಾಸ್ತಿ, ಕೇಳುವುದು ಸಹಜ. ಮರಿಗಳೆಲ್ಲ ಹೋದ ಮೇಲೆ ತಾಯಿ ಹೇಗಿದೆ ಅಂತ ಕೇಳುವವರು ಕಮ್ಮಿ. ದಕ್ಷಿಣ ಕೊಡಗಿನ ಈ ಸಣ್ಣ ಕ್ಲಿನಿಕ್‌ನಲ್ಲಿ ಅದನ್ನೇ ಮೊದಲು ಕೇಳಿದರು. ಅದಕ್ಕೇ ಈ ವಿಮರ್ಶೆ.

ನಮ್ಮ ಕೆಂಚಿಯ ಮರಿಗಳು ಎರಡು ತಿಂಗಳಿಗೆ ಚೆನ್ನಾಗಿ ಅನ್ನ, ಮೀನು ತಿನ್ನುತ್ತಿದ್ದವು. ಆದರೂ ಹೋಗಿ ಹೋಗಿ ತಾಯಿಯ ಹೊಟ್ಟೆಗೇ ಬಾಯಿ ಹಾಕುತ್ತಿದ್ದವು. ಅವಳು ಗುರ್ ಅನ್ನುತ್ತಾ ಬೀರುವಿನ ಮೇಲೆ ಹತ್ತಿ ಕೂರುತ್ತಿದ್ದಳು. ಬೆನ್ನೆಲುಬು ಕೈಗೆ ಸಿಗುವಷ್ಟು ಬಡವಾಗಿದ್ದಳು. ಮೊದಲು ಬೇರೊಂದು ಕಡೆ ಫೋನ್ ಮಾಡಿದ್ದೆ. "ಮರಿಗಳನ್ನು ತನ್ನಿ, ತಾಯಿ ತಾನಾಗೇ ಸರಿಹೋಗುತ್ತೆ" ಅಂದರು. ಆ ಮಾತು ಹಿಡಿಸಲಿಲ್ಲ.

ಇಲ್ಲಿ ಡಾಕ್ಟರ್ ಕೆಂಚಿಯನ್ನು ಟೇಬಲ್ ಮೇಲೆ ಒಂದು ಕಡೆಗೆ ಮಲಗಿಸಿ, ಒಂದೊಂದೇ ಮೊಲೆಯನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತುತ್ತಾ ಹೋದರು. ಏನೂ ಅವಸರ ಮಾಡಲಿಲ್ಲ. ಹಿಂದಿನ ಸಾಲಿನ ಒಂದು ಮಾತ್ರ ಗಟ್ಟಿಯಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಅದರಿಂದ ಒಂದೇ ಹನಿ ತೆಗೆದು ಗ್ಲೌಸ್ ಮೇಲೆ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಬಿಳಿ ಹಾಲೇ, ಕೀವು ಇಲ್ಲ. ಜ್ವರವೂ ಇರಲಿಲ್ಲ. "ಹಸುವಿಗೆ ಕೆಚ್ಚಲು ಬಾವು ಬರುತ್ತಲ್ವಾ, ಬೆಕ್ಕಿಗೂ ಬರುತ್ತೆ. ಕೆಂಪಗಾದರೆ, ಮುಟ್ಟಲು ಬಿಡದಿದ್ದರೆ, ಊಟ ಬಿಟ್ಟರೆ ಆವತ್ತೇ ಕರ್ಕೊಂಡು ಬನ್ನಿ" ಅಂದರು.

ನನಗೆ ಆವತ್ತೇ ಕೆಂಚಿಗೆ ಮತ್ತೆ ಮರಿ ಆಗದ ಹಾಗೆ ಮಾಡುವ ಆಪರೇಷನ್ ಮುಗಿಸಿಬಿಡುವ ಆಸೆ ಇತ್ತು. ಅವರು ಒಪ್ಪಲಿಲ್ಲ. ಮೊದಲು ಹಾಲು ಬತ್ತಬೇಕು, ಮರಿ ಪೂರ್ತಿ ಹಾಲು ಬಿಟ್ಟು ಸುಮಾರು ಎರಡು ವಾರ ಆಗಲಿ ಅಂದರು. ದುಡ್ಡು ಬರುವ ಕೆಲಸವನ್ನು ಮುಂದಕ್ಕೆ ಹಾಕಿದರು, ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಹಾಲು ಬತ್ತಿಸುವುದು ಹೇಗೆ ಅಂತ ಕೂರಿಸಿ ಹೇಳಿದರು. ಬಾಣಂತಿ ಅಂತ ಕೊಡುತ್ತಿದ್ದ ಕಿಟನ್ ಫುಡ್ ನಿಧಾನಕ್ಕೆ ನಿಲ್ಲಿಸಿ ಮಾಮೂಲಿ ಊಟಕ್ಕೆ ತರಬೇಕು, ಕೆಲವು ದಿನ ಸ್ವಲ್ಪ ಕಮ್ಮಿ ಹಾಕಬೇಕು, ನೀರು ಮಾತ್ರ ಯಾವಾಗಲೂ ಇರಬೇಕು. ಹಾಲು ಹಿಂಡಿ ತೆಗೆಯಲೇಬಾರದು, ಹಿಂಡಿದಷ್ಟೂ ಹಾಲು ಊರುತ್ತೆ. ಮರಿಗಳನ್ನು ಒಂದೇ ದಿನ ಎಲ್ಲ ಕೊಟ್ಟುಬಿಡಬೇಡಿ, ಒಂದೊಂದಾಗಿ ಕೊಡಿ, ಆಗ ಹಾಲೂ ನಿಧಾನಕ್ಕೆ ಇಳಿಯುತ್ತೆ ಅಂತಲೂ ಹೇಳಿದರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹಾಗೇ ಮಾಡಿದೆವು, ಆ ಗಟ್ಟಿ ಕರಗಿ ಹೋಯಿತು. ಹಾಲು ಬತ್ತಿದ ಮೇಲೆ ಊಟ ಮತ್ತೆ ಹೆಚ್ಚಿಸಿದೆ, ಮೈ ಕೂಡಿಕೊಂಡಿತು.

ಜಂತುಹುಳದ ಔಷಧಿ ತಾಯಿಗೂ ಕೊಟ್ಟರು. ಹುಳ ಹಾಲಿನಲ್ಲೇ ಮರಿಗೆ ಹೋಗುತ್ತಂತೆ, ಮರಿಗೆ ಮಾತ್ರ ಹಾಕಿಸಿದರೆ ಅರ್ಧ ಕೆಲಸ.

ಮನೆಯಿಂದ ಆಚೆ ಬಿಡಬೇಡಿ ಅಂತ ಎರಡೆರಡು ಸಲ ಹೇಳಿದ್ದು ಒಳ್ಳೆಯದಾಯಿತು. ಬೆಕ್ಕು ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು. ಗಬ್ಬ ಕಟ್ಟಿದರೆ ಒಂಬತ್ತು ವಾರಕ್ಕೆ ಇನ್ನೊಂದು ಬಾಣಂತನ. ತೋಟದ ಕೆಲಸದವರ ಲೈನ್ ಮನೆ ಕಡೆಯ ದಪ್ಪ ಗಂಡು ಬೆಕ್ಕು ಆಗಲೇ ನಮ್ಮ ಕಾಫಿ ಕಣದಲ್ಲಿ ಕೂತು ಕೂಗಲು ಶುರು ಮಾಡಿತ್ತು.

ಆಪರೇಷನ್ ಮಾಡಿದ್ದು ಹೊಟ್ಟೆಯ ಕೆಳಗಲ್ಲ, ಪಕ್ಕೆಯಲ್ಲಿ. ಗಾಯ ಮೊಲೆಗಳಿಂದ ದೂರ ಇರುತ್ತೆ, ಹೊಲಿಗೆ ಹೇಗಿದೆ ಅಂತ ದೂರದಿಂದಲೇ ಕಾಣುತ್ತೆ. ಸಂಜೆಯೇ ಮನೆಗೆ ಕಳಿಸಿದರು. ಮಳೆಗಾಲ, ಶೀತ ಬೇರೆ. ಒಲೆ ಪಕ್ಕ ರಟ್ಟಿನ ಡಬ್ಬದಲ್ಲಿ ಹಳೆ ಕಂಬಳಿ ಹಾಸಿ ಮಲಗಿಸಿದೆ. ನೋವಿಗೆ ಅವರು ಕೊಟ್ಟ ಔಷಧಿ ಬಿಟ್ಟು ಬೇರೇನೂ ಬೇಡ ಅಂದರು. ದಯವಿಟ್ಟು ಇದೊಂದು ನೆನಪಿಡಿ: ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಚೂರು ಕೂಡ ಕೊಡಬೇಡಿ.

ಕೊರತೆ ಇಲ್ಲ ಅಂತಲ್ಲ. ಕಾಯುವ ಜಾಗ ಒಂದೇ, ನಾಯಿಗಳೂ ಅಲ್ಲೇ. ಪಕ್ಕದಲ್ಲಿ ದೊಡ್ಡ ನಾಯಿ ಬೊಗಳಿದಾಗ ಕೆಂಚಿ ಬುಟ್ಟಿಯೊಳಗೆ ಉಚ್ಚೆ ಹೊಯ್ದುಕೊಂಡಳು. ಬೆಕ್ಕಿಗೆ ಒಂದು ಮೂಲೆ, ಒಂದು ಪರದೆ ಇದ್ದರೂ ಸಾಕಿತ್ತು. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ಹೊಲಿಗೆ ಬಗ್ಗೆ ಗಾಬರಿಯಾಗಿ ಫೋನ್ ಮಾಡಿದಾಗ ಸಂಜೆವರೆಗೂ ಕಾಯಬೇಕಾಯಿತು. ಆಪರೇಷನ್ ಆದ ಪ್ರಾಣಿಗಳ ಮನೆಯವರಿಗಾದರೂ ಬೇರೆ ನಂಬರ್ ಕೊಡಬೇಕು.

ಆಪರೇಷನ್, ಔಷಧಿ, ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕಾಲರ್ ಎಲ್ಲ ಸೇರಿ ₹3,500ರ ಒಳಗೆ ಆಯಿತು, ಬಿಲ್ ಬರೆದೇ ಕೊಟ್ಟರು. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಬೇಡಿ, ಮುಚ್ಚಳ ಇರುವ ಬುಟ್ಟಿ ಮತ್ತೆ ಒಂದು ಟವೆಲ್ ಹೆಚ್ಚಿಗೆ ಇರಲಿ.