ಸ್ವಿವೆಲ್ ಬಿಚ್ಚಿಟ್ಟ ಮೇಲೆ ಕೆಲಸಕ್ಕೆ ಬಂದ ಜೋಲಿ

ಕೂರುವುದು, ಬರೆಯುವುದು ಮುಂತಾದ ದಿನದ ಕೆಲಸಗಳನ್ನು ಮಕ್ಕಳಿಗೆ ರೂಢಿಸುವ ಆಕ್ಯುಪೇಷನಲ್ ಥೆರಪಿಗೆಂದು ಮಾರುವ, ಹಿಗ್ಗುವ ಲೈಕ್ರಾ ಬಟ್ಟೆಯ ಜೋಲಿಯ ಬಗ್ಗೆ ಇದು ಎರಡು ವರ್ಷದ ಬಳಕೆಯ ನಂತರದ ಮಾತು. ಬಟ್ಟೆಯ ಅಳತೆ, ಬಣ್ಣ, ಎಷ್ಟು ಕೆಜಿ ತಡೆಯುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಓದಿಕೊಳ್ಳಿ. ಅಲ್ಲಿ ಬರೆಯದೇ ಬಿಟ್ಟದ್ದು ಒಂದಿದೆ. ಜೊತೆಯಲ್ಲಿ ಕೊಡುವ, ಜೋಲಿಯನ್ನು ಗರಗರ ತಿರುಗಿಸುವ ಆ ಸ್ವಿವೆಲ್ ಇದೆಯಲ್ಲ, ಗಮನ ನಿಲ್ಲದ ಮಗುವಿರುವ ಮನೆಯಲ್ಲಿ ಅದರಷ್ಟು ತೊಂದರೆ ಕೊಡುವ ಭಾಗ ಇನ್ನೊಂದಿಲ್ಲ.

ಒಳಕಿವಿಯಲ್ಲಿ ಅರ್ಧವೃತ್ತದ ಮೂರು ನಾಳಗಳಿವೆ, ಅವುಗಳ ತುಂಬ ದ್ರವ. ಮಗು ಒಂದೇ ಸಮನೆ ಸುತ್ತಿದರೆ ಆ ದ್ರವವೂ ಸುತ್ತಿನ ವೇಗ ಹಿಡಿಯುತ್ತದೆ. ಜೋಲಿ ನಿಂತರೂ ಅದು ತಕ್ಷಣ ನಿಲ್ಲುವುದಿಲ್ಲ. ಆಗ ಮಗುವಿನ ಕಣ್ಣನ್ನು ಹತ್ತಿರದಿಂದ ನೋಡಿ, ಪಾಪೆ ಒಂದು ಪಕ್ಕಕ್ಕೆ ಜಗ್ಗಿ ಜಗ್ಗಿ ಬರುತ್ತಿರುತ್ತದೆ. ಕೆಲವು ಮಕ್ಕಳಿಗೆ ತಲೆ ಸುತ್ತಿದ್ದೇ ಗೊತ್ತಾಗುವುದಿಲ್ಲ, ‘ಇನ್ನೂ, ಇನ್ನೂ’ ಎನ್ನುತ್ತಲೇ ಇರುತ್ತಾರೆ. ಆಮೇಲೆ ಮುಖ ಬಿಳುಚುತ್ತದೆ, ಹಣೆ ಬೆವರುತ್ತದೆ, ಆಕಳಿಕೆ ಬರುತ್ತದೆ, ಬಾಯಲ್ಲಿ ನೀರೂರುತ್ತದೆ. ಅರ್ಧ ಗಂಟೆ ಬಿಟ್ಟು ವಾಂತಿ ಆಗುವುದೂ ಉಂಟು. ಇನ್ನು ಕೆಲವರಿಗೆ ಹುರುಪು ಏರಿಬಿಟ್ಟು, ಆ ಸಂಜೆ ಪುಸ್ತಕದ ಮುಂದೆ ಕೂರುವ ಮಾತೇ ಇಲ್ಲ. ಥೆರಪಿ ಕೋಣೆಯಲ್ಲಿ ಸುತ್ತಿಸುವುದಿಲ್ಲವೇ ಎಂದರೆ, ಸುತ್ತಿಸುತ್ತಾರೆ. ಆದರೆ ಎಣಿಸಿ, ಎರಡೂ ದಿಕ್ಕಿಗೆ, ನಡುನಡುವೆ ನಿಲ್ಲಿಸಿ, ಮಗುವಿನ ಮುಖವನ್ನೇ ಗಮನಿಸುತ್ತ. ಫಿಟ್ಸ್ ಬಂದಿರುವ ಮಗುವಾದರೆ ವೈದ್ಯರನ್ನು ಕೇಳದೆ ಜೋಲಿಯ ಸಹವಾಸವೇ ಬೇಡ.

ಸ್ವಿವೆಲ್ ಬಿಚ್ಚಿದ ಮಾತ್ರಕ್ಕೆ ಸುತ್ತಾಟ ನಿಲ್ಲುವುದಿಲ್ಲ. ಒಂದೇ ಕೊಕ್ಕೆಗೆ ಕಟ್ಟಿದ ಬಟ್ಟೆಯನ್ನು ಮಕ್ಕಳು ಕಾಲಿನಿಂದ ಒದ್ದು ಒದ್ದು ಹುರಿ ಹಾಕುತ್ತಾರೆ, ಬಿಟ್ಟಾಗ ಅದು ಬುಗುರಿಯಂತೆ ಬಿಚ್ಚಿಕೊಳ್ಳುತ್ತದೆ. ಎರಡಡಿ ಅಂತರದಲ್ಲಿ ಎರಡು ಕೊಕ್ಕೆ ಹಾಕಿಸಿ, ಬಟ್ಟೆಯ ಒಂದೊಂದು ತುದಿಯನ್ನು ಒಂದೊಂದಕ್ಕೆ ಸಿಕ್ಕಿಸಬೇಕು. ಆಗ ಜೋಲಿ ಹಿಂದಕ್ಕೆ ಮುಂದಕ್ಕೆ ಮಾತ್ರ ತೂಗುತ್ತದೆ. ಬಟ್ಟೆ ಮೊದಲಿನಷ್ಟು ಮುಚ್ಚಿಕೊಳ್ಳುವುದಿಲ್ಲ, ಮಗುವಿನ ಮುಖ ಕಾಣುತ್ತಿರುತ್ತದೆ. ಅದೂ ಒಳ್ಳೆಯದೇ.

ಕೊಕ್ಕೆಯ ವಿಷಯದಲ್ಲಿ ಉಳಿತಾಯ ಮಾಡಬೇಡಿ. 25 ಕೆಜಿ ತೂಕದ ಮಗು ನೇರ ಗೆರೆಯಿಂದ 60 ಡಿಗ್ರಿವರೆಗೆ ತೂಗಿ ಬಂದರೆ, ಕೆಳಗೆ ತಲುಪಿದ ಗಳಿಗೆಯಲ್ಲಿ ಒಟ್ಟು ಎಳೆತ 50 ಕೆಜಿ. ಒಳಗೇ ಕುಣಿದರೆ ಇನ್ನೂ ಹೆಚ್ಚು. ಫ್ಯಾನಿನ ಕೊಕ್ಕೆ ಇಂಥ ಜಗ್ಗಾಟಕ್ಕೆ ಮಾಡಿದ್ದಲ್ಲ, ಫಾಲ್ಸ್ ಸೀಲಿಂಗಿನ ಮಾತು ಬಿಡಿ. ಕಾಂಕ್ರೀಟಿಗೆ ಆಂಕರ್ ಬೋಲ್ಟ್, ಮರದ ತೊಲೆಯಾದರೆ ಮೊದಲು ಸಣ್ಣ ತೂತು ಕೊರೆದು ತೊಲೆಯ ನಡುಮಧ್ಯಕ್ಕೆ ದಪ್ಪ ಸ್ಕ್ರೂ. ಜೋಲಿಯನ್ನು ಕೊಕ್ಕೆಗೆ ಸಿಕ್ಕಿಸುವ ಲೋಹದ ಬಳೆ, ಅಂದರೆ ಕ್ಯಾರಬೈನರ್, ಸ್ಟೀಲಿನದೇ ಇರಲಿ, ಬಾಯಿಗೆ ತಿರುಗಿಸಿ ಮುಚ್ಚುವ ಬೀಗ ಇರಲಿ. ಡಬ್ಬಿಯಲ್ಲಿ ಬರುವ ಹಗುರ ಅಲ್ಯೂಮಿನಿಯಂ ಕ್ಯಾರಬೈನರ್ ಸ್ಟೀಲ್ ಕೊಕ್ಕೆಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಆರು ತಿಂಗಳಿಗೆ ಬೆರಳಿಟ್ಟು ನೋಡಿದರೆ ಒಳಮೈಯಲ್ಲಿ ಹಳ್ಳ ಸಿಗುತ್ತದೆ.

ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಸರಳು ಸುಲಭ, ಆದರೆ ಅಲ್ಲಿ ಎತ್ತರ ಕಡಿಮೆಯಾಗಿ ತೂಗು ಅವಸರದ್ದಾಗುತ್ತದೆ. ಕೊಕ್ಕೆಯಿಂದ ಮಗುವಿನವರೆಗಿನ ಉದ್ದ 1.6 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಎರಡೂವರೆ ಸೆಕೆಂಡು, 2.2 ಮೀಟರ್ ಇದ್ದರೆ ಮೂರು ಸೆಕೆಂಡು. ಓದುವಾಗ ಅರ್ಧ ಸೆಕೆಂಡು ಏನು ಮಹಾ ಅನ್ನಿಸುತ್ತದೆ. ಮಗುವಿನ ಭುಜ ಇಳಿಯುವುದು ಮಾತ್ರ ಆ ಮೂರು ಸೆಕೆಂಡಿನ ಲಯದಲ್ಲಿ.

ಎರಡು ವರ್ಷದಲ್ಲಿ ನಿಜವಾಗಿ ಖುಷಿ ಕೊಟ್ಟದ್ದು ಬರೆಯಲು ಕೂರುವ ಮುಂಚಿನ ಆ ಹತ್ತು ನಿಮಿಷ. ತಿಂದು ಅರ್ಧ ಗಂಟೆಯಾದರೂ ಆಗಿರಬೇಕು. ಮೊದಲು ಮಗುವನ್ನು ಕೂರಿಸಿ, ಬಟ್ಟೆಯನ್ನು ಬೆನ್ನಿಗೂ ಭುಜಕ್ಕೂ ಬಿಗಿಯಾಗಿ ಎಳೆದುಕೊಡಿ. ಎದುರಿಗೆ ಮಂಡಿಯೂರಿ, ಮಗುವಿನ ಮೊಣಕಾಲಿಗೆ ಕೈಯಿಟ್ಟು ಒಂದು ಮೊಳದಷ್ಟು ಮಾತ್ರ ತೂಗಿ. ಒಂದು ತೂಗಿಗೆ ಒಂದರಂತೆ ಮೆಲ್ಲಗೆ ಅರವತ್ತು ಎಣಿಸಿದರೆ ಮೂರು ನಿಮಿಷ ಆಗಿರುತ್ತದೆ. ಇಪ್ಪತ್ತು ದಾಟುವ ಹೊತ್ತಿಗೆ ಮಗುವೂ ಜೊತೆಗೆ ಎಣಿಸತೊಡಗಿದರೆ ತೂಗು ಹದಕ್ಕೆ ಬಂದಿದೆ ಎಂದರ್ಥ.

ಆಮೇಲೆ ಬೋರಲು. ಬಟ್ಟೆಯನ್ನು ಎದೆಯಿಂದ ತೊಡೆಯವರೆಗೆ ಹರಡಿ, ಅಂಗೈ ನೆಲಕ್ಕೆ ಚೆನ್ನಾಗಿ ತಾಗುವಷ್ಟು ಕೆಳಗೆ ಇಳಿಸಿ. ಕೂರುವ ಎತ್ತರ ಇದಕ್ಕೆ ಆಗುವುದಿಲ್ಲ, ಹಾಗಾಗಿ ಎತ್ತರ ಬದಲಿಸಲು ಸಾಲಾಗಿ ಕುಣಿಕೆ ಹೊಲಿದಿರುವ ಪಟ್ಟಿ ಇದ್ದರೆ ಅನುಕೂಲ. ನೆಲದ ಮೇಲೆ ಅರ್ಧಚಂದ್ರದಂತೆ ಹನ್ನೆರಡು ಕಾಳಿನ ಚೀಲ, ಒಂದೂವರೆ ಮೀಟರ್ ಮುಂದೆ ಒಂದು ಬುಟ್ಟಿ. ಒಂದು ತೂಗಿಗೆ ಒಂದು ಚೀಲ ಎತ್ತಿ ಬುಟ್ಟಿಗೆ ಎಸೆಯಬೇಕು. ತಲೆ ಎತ್ತಿ ಗುರಿ ನೋಡುವಾಗ ಕತ್ತು, ಬೆನ್ನು, ಭುಜ ಮೂರೂ ದುಡಿಯುತ್ತವೆ. ಪೆನ್ಸಿಲ್ ಹಿಡಿದ ಬೆರಳು ನೆಟ್ಟಗೆ ಆಡಬೇಕಾದರೆ ಆಧಾರ ಆ ಭುಜದ್ದೇ. ಎಂಟನೇ ಚೀಲಕ್ಕೆ ತಲೆ ಜೋತುಬಿದ್ದರೆ ದಣಿವಾಗಿದೆ, ಅಲ್ಲಿಗೆ ಸಾಕು. ಹನ್ನೆರಡೂ ಮುಗಿಯಲಿ ಎಂದು ಹಟ ಮಾಡಬೇಡಿ.

ಕೊನೆಗೆ ಜೋಲಿಯಿಂದ ಇಳಿಸಿ, ಎರಡೂ ಕೈಯಿಂದ ಗೋಡೆಯನ್ನು ಹತ್ತು ಸಲ ತಳ್ಳಿಸಿ, ನೇರವಾಗಿ ಕುರ್ಚಿಗೆ. ಪಾದ ನೆಲಕ್ಕೆ ಊರದೆ ನೇತಾಡುತ್ತಿದ್ದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ. ಕಾಲ ಕೆಳಗೆ ಮಣೆ ಇಡಿ. ಜೋಲಿಯನ್ನು ಬಹುಮಾನವಾಗಿ ತೋರಿಸುವುದು, ಶಿಕ್ಷೆಯಾಗಿ ಕಿತ್ತುಕೊಳ್ಳುವುದು ಎರಡೂ ಬೇಡ. ಅದು ಕೆಲಸಕ್ಕೆ ಮೈ ಹದ ಮಾಡುವ ಸಾಧನ.

ಬಟ್ಟೆಯ ಬಗ್ಗೆ ಅಷ್ಟು ಸಮಾಧಾನವಿಲ್ಲ. ಒಳ್ಳೆಯ ಬಟ್ಟೆ ಅಗಲಕ್ಕೆ ಹಿಗ್ಗಬೇಕು, ಉದ್ದಕ್ಕೆ ಹಿಗ್ಗಬಾರದು. ಅಗ್ಗದ್ದು ಎರಡೂ ಕಡೆ ಹಿಗ್ಗುತ್ತದೆ, ಮೂರ್ನಾಲ್ಕು ತಿಂಗಳಿಗೆ ಮಗುವಿನ ಸೊಂಟ ನೆಲಕ್ಕೆ ತಾಗುತ್ತದೆ. ಬಂದ ದಿನವೇ ದೊಡ್ಡವರೊಬ್ಬರು ಮೆಲ್ಲಗೆ ಭಾರ ಬಿಟ್ಟು ನೋಡಿ, ಒಂದು ಗೇಣಿಗಿಂತ ಹೆಚ್ಚು ಇಳಿದರೆ ವಾಪಸ್ ಕಳಿಸಿ. ಎರಡು ಪದರ ಇರಲೇಬೇಕು. ಬ್ಲೀಚ್ ಮತ್ತು ಬಿಸಿ ಎರಡೂ ಬಟ್ಟೆಯ ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆಯನ್ನು ಕೊಲ್ಲುತ್ತವೆ, ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ತಿಂಗಳಿಗೊಮ್ಮೆ ತುದಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ಎಳೆದು ನೋಡಿ, ಒಂದು ಎಳೆ ಕಿತ್ತಿದ್ದರೂ ಬಳಕೆ ನಿಲ್ಲಿಸಿ. ಕೆಳಗೆ ದಪ್ಪ ಹಾಸು, ಹಿಂದೆ ಮುಂದೆ ಖಾಲಿ ಜಾಗ ಬೇಕು. ಕೆಲಸ ಮುಗಿದ ತಕ್ಷಣ ಜೋಲಿಯನ್ನು ಬಿಚ್ಚಿ ಒಳಗಿಡಿ, ಯಾರೂ ಇಲ್ಲದಾಗ ನೇತಾಡುತ್ತಿರುವ ಬಟ್ಟೆ ಕತ್ತಿಗೆ ಅಪಾಯ.

ಇದರಿಂದ ಅಕ್ಷರ ದುಂಡಗಾಗುತ್ತದೆ ಎಂದು ನಂಬಿ ಕೊಳ್ಳಬೇಡಿ. ಅಕ್ಷರ ತಿದ್ದಿದರೆ ಮಾತ್ರ ಅಕ್ಷರ ಸುಧಾರಿಸುತ್ತದೆ. ತೂಗಾಟ, ಒತ್ತಡದಂಥ ಅನುಭವದಿಂದ ಮೈ ಹದಗೊಳಿಸುವ, ಸಂವೇದನೆಗಳ ಹೊಂದಾಣಿಕೆಯ (ಸೆನ್ಸರಿ ಇಂಟಿಗ್ರೇಷನ್) ಈ ದಾರಿಯನ್ನು ಮೊದಲು ಹಾಕಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅದೇ ದೇಶದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದನ್ನೂ ತಿಳಿದಿರಬೇಕು: ಇಂಥ ಥೆರಪಿ ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಇರಬಹುದು, ಆದರೆ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತ, ಅದನ್ನು ಹೆತ್ತವರಿಗೆ ತಿಳಿಸಬೇಕು. ಹಾಗಾಗಿ ಎರಡು ವಾರ ತೂಗಿ, ಎರಡು ವಾರ ತೂಗದೆ, ಮಗು ಎಷ್ಟು ನಿಮಿಷ ಎದ್ದೇಳದೆ ಕೂತಿತು ಎಂದು ಗಡಿಯಾರ ನೋಡಿ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ಜೋಲಿ ಆ ಮಗುವಿಗಲ್ಲ.

ಹಣ ಬಿಗಿ ಇದ್ದರೆ ಮೊದಲು ಥೆರಪಿಸ್ಟ್ ಹತ್ತಿರ ನಾಲ್ಕು ಭೇಟಿಗೆ ಖರ್ಚು ಮಾಡಿ, ಜೋಲಿ ಆಮೇಲೆ. ಕೊಳ್ಳುವ ಮುಂಚೆ ದಪ್ಪ ಹೊದಿಕೆಯ ಎರಡು ತುದಿಯನ್ನು ದೊಡ್ಡವರಿಬ್ಬರು ಹಿಡಿದು, ಹಾಸಿಗೆಯಿಂದ ಒಂದು ಗೇಣು ಮೇಲೆ, ಹತ್ತು ಸಲ ತೂಗಿ ನೋಡಿ. ಮಗು ಮೈ ಬಿಟ್ಟು ಮಲಗಿದರೆ ಕೊಳ್ಳಿ. ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಾಲಿನಿಂದ ನೆಲ ಹುಡುಕಿದರೆ ಇಳಿಸಿಬಿಡಿ, ಆ ಹೆದರಿಕೆಯನ್ನು ಮೊದಲು ಥೆರಪಿಸ್ಟ್ ನೋಡಲಿ.