ಅಬ್ಲೇಷನ್ ನಂತರ ಲಯದ ಮಾತ್ರೆ: ನಿಲ್ಲಿಸುವುದೇ, ಮುಂದುವರಿಸುವುದೇ?

ಏಟ್ರಿಯಲ್ ಫಿಬ್ರಿಲೇಷನ್‌ಗೆ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ಕಾಯಿಲೆ) ಅಬ್ಲೇಷನ್ (ಲಯ ಕೆಡಿಸುವ ಹೃದಯದ ಅಂಗಾಂಶವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಮಾಡಿಸಿಕೊಂಡ ತಮ್ಮ ತಂದೆ, ಲಯ ಕಾಪಾಡುವ ಮಾತ್ರೆಯಾದ ಅಮಿಯೋಡರೋನ್ ಬಿಡಬಹುದೇ ಎಂದು ಉಡುಪಿಯ ಓದುಗರೊಬ್ಬರು ಕೇಳಿದ್ದಾರೆ. ಮೊದಲ 2–3 ತಿಂಗಳು ಗಾಯ ಮಾಯುವ ಕಾಲವಾದ್ದರಿಂದ ಆಗ ಬಡಿತ ತಪ್ಪಿದರೂ ಚಿಕಿತ್ಸೆ ಸೋತಿತೆಂದಲ್ಲ. ಅಲ್ಲಿಯವರೆಗೆ ಮುಂದುವರಿಸುವುದೇ ವಾಡಿಕೆ. ಬಳಿಕ ಹೋಲ್ಟರ್‌ನಲ್ಲಿ (ದಿನವಿಡೀ ಹೃದಯ ಬಡಿತ ದಾಖಲಿಸುವ ಪುಟ್ಟ ಯಂತ್ರ) ಲಯ ಸರಿಯಿದ್ದರೆ ನಿಲ್ಲಿಸುವ ಪಕ್ಷ ಬಲವಾಗುತ್ತದೆ, ಏಕೆಂದರೆ ಈ ಮಾತ್ರೆ ಥೈರಾಯ್ಡ್, ಯಕೃತ್ತು, ಶ್ವಾಸಕೋಶಗಳ ಮೇಲೆ ಸದಾ ನಿಗಾ ಬೇಡುವುದಲ್ಲದೆ, ಮಲ್ಪೆಯ ಬಂದರಿನ ಬಿಸಿಲಿನಲ್ಲಿ ಮೀನು ಆರಿಸುತ್ತ ನಿಂತರೂ ಮುಖ ಕೆಂಪೇರುವಷ್ಟು ಚರ್ಮವನ್ನು ಸೂಕ್ಷ್ಮವಾಗಿಸಬಲ್ಲದು. ಮತ್ತೆ ಬಡಿತ ತಪ್ಪುತ್ತಿದ್ದು, ಎರಡನೆಯ ಅಬ್ಲೇಷನ್ ಬೇಡವೆನ್ನುವವರಿಗೆ ಮುಂದುವರಿಸುವುದು ಅನುಕೂಲ. ಬಿಟ್ಟ ಮೇಲೂ ಅಮಿಯೋಡರೋನ್ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಮೊದಲ ವಾರಗಳ ನೆಮ್ಮದಿಯನ್ನು ಪೂರ್ತಿ ನಂಬಬಾರದು. ಜೊತೆಗೆ ಬಡಿತದ ವೇಗ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಇದ್ದರೆ ಅದನ್ನು ವೈದ್ಯರು ಕ್ರಮೇಣ ಇಳಿಸಬೇಕೇ ಹೊರತು ಒಮ್ಮೆಲೇ ಬಿಡುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಲೆಕ್ಕವೇ ಬೇರೆ. ಕೆಲವು ತಿಂಗಳ ನಂತರ ಅದರ ತೀರ್ಮಾನ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಪಾರ್ಶ್ವವಾಯುಗಳನ್ನು ನೋಡಿ ಆಗುತ್ತದೆ, ಲಯ ಸರಿಹೋಯಿತೆಂಬ ಒಂದೇ ಕಾರಣಕ್ಕಲ್ಲ.