ಮಗನಿಗೇ ತಾನೆ ಅಂತ ಕಡಿಮೆ ಬೆಲೆಗೆ ಕ್ರಯ ಮಾಡಿಕೊಡುವ ಮುಂಚೆ

40 ಲಕ್ಷಕ್ಕೆ ಮನೆ ಮಾರಿದೆ. ಕೈಗೆ ಬಂದದ್ದು 30. ಈಗ ನಾನು ಆದಾಯ ತೆರಿಗೆ ಅಂತ ಕಟ್ಟಬೇಕಾಗಿರುವುದು 15 ಲಕ್ಷಕ್ಕಿಂತ ಹೆಚ್ಚು, ಬಡ್ಡಿ ಬೇರೆ. ಕೊಂಡವನು ಹೊರಗಿನವನಲ್ಲ, ನನ್ನ ಸ್ವಂತ ಮಗ. ಇಂಥ ಕ್ರಯ ನಮ್ಮ ಸುತ್ತಮುತ್ತ ಎಷ್ಟೋ ನಡೆಯುತ್ತವೆ. ಮನೆಯೊಳಗಿನ ವಿಷಯ ಅಂತ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತಿದ್ದೇನೆ.

ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟು. ಪಿಯು ಕಾಲೇಜಿನಲ್ಲಿ ಗುಮಾಸ್ತನಾಗಿದ್ದಾಗ ಕಟ್ಟಿಸಿದ ಮನೆ. ಬೆಳಗ್ಗೆ ಐದಕ್ಕೆ ಸೈಕಲ್ ತುಳಿದುಕೊಂಡು ಹೋಗಿ ಗೋಡೆಗೆ ನೀರು ಹಾಕಿ, ವಾಪಸ್ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಿದ್ದೆ. 2023ರಲ್ಲಿ ಆ ಬೀದಿಯಲ್ಲಿ ಅಂಥ ಮನೆಗೆ 1.4 ಕೋಟಿ ಹೇಳುತ್ತಿದ್ದರು.

ಆ ವರ್ಷ ಮಗಳ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು, ನನಗೆ ದುಡ್ಡು ಬೇಕಿತ್ತು. ಮಗ ಹೇಳಿದ: "ಅಪ್ಪಾ, ಹೇಗೂ ನನಗೇ ಬರೋ ಮನೆ. ಈಗಲೇ ನನ್ನ ಹೆಸರಿಗೆ ಮಾಡಿ. ಹೋಮ್ ಲೋನ್ ತಗೊಂಡು ನಿಮಗೆ ದುಡ್ಡು ಕೊಡ್ತೀನಿ. ನೀವಿಬ್ಬರೂ ಎಲ್ಲೂ ಹೋಗೋದಲ್ಲ, ಇಲ್ಲೇ ಇರಿ." ದಾನಪತ್ರ ಮಾಡೋಣವೇ ಅಂತ ನಾನು ಕೇಳಿದ್ದು ನಿಜ. ದಾನ ಅಂದರೆ ಬ್ಯಾಂಕ್ ನನಗೆ ಕೊಡಲು ಸಾಲ ಯಾಕೆ ಕೊಡುತ್ತದೆ? ಅದು ಒಂದು. ಇನ್ನೊಂದು, ನಮ್ಮ ಭಾವಮೈದುನರೊಬ್ಬರು "ದಾನ ಕೊಟ್ಟರೆ ನಾಳೆ ಮಗಳು ಪಾಲು ಕೇಳ್ತಾಳೆ, ಕ್ರಯ ಆದ್ರೆ ಯಾರೂ ಕೇಳಂಗಿಲ್ಲ" ಅಂದರು. ಅದು ತಪ್ಪು ಮಾತು. ನಾನು ಸಂಪಾದಿಸಿದ ಸ್ವಂತ ಆಸ್ತಿ, ನಾನು ಯಾರಿಗೆ ಬೇಕಾದರೂ ಕೊಡಬಹುದಿತ್ತು. ಮಗಳು ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಿಲ್ಲ.

ನವೆಂಬರ್‌ನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಏರಿಸಿದ್ದರು, ನಮ್ಮ ಮನೆಗೆ 96 ಲಕ್ಷ ಬಂದಿತ್ತು. ನಾವು ಪತ್ರದಲ್ಲಿ ಬರೆಸಿದ್ದು 40. ಏನು ಬರೆಸಿದರೂ ಮುದ್ರಾಂಕ ಶುಲ್ಕ ಗೈಡೆನ್ಸ್ ಮೇಲೇ ಕಟ್ಟಬೇಕು. ಸೆಸ್ಸು, ಸರ್ಚಾರ್ಜು ಸೇರಿ 5.6%, ಆಗ ನೋಂದಣಿ ಶುಲ್ಕ 1%. ಒಟ್ಟು 6.3 ಲಕ್ಷ ಹೋಯಿತು. ಅದೇ ಮಗನಿಗೆ ದಾನಪತ್ರ ಅಂದಿದ್ದರೆ ಕೆಲವೇ ಸಾವಿರದಲ್ಲಿ ಮುಗಿಯುತ್ತಿತ್ತು. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಶೇಕಡಾ ಲೆಕ್ಕ ಇಲ್ಲ, ನಿಗದಿತ ಮೊತ್ತ ಅಷ್ಟೇ.

ಕ್ಯಾಮೆರಾ ಮುಂದೆ ಕೂರಿಸಿ ಫೋಟೋ, ಹೆಬ್ಬೆಟ್ಟು ಎಲ್ಲ ಆಯಿತು. "ಹಣ ಪೂರ್ತಿ ಬಂತಾ ಯಜಮಾನ್ರೇ?" ಅಂತ ಕೇಳಿದರು. ಬಂತು ಅಂದೆ. ಬಂದಿರಲಿಲ್ಲ. ಬ್ಯಾಂಕಿನಿಂದ ಬಂದದ್ದು 30 ಲಕ್ಷದ ಡಿಡಿ. ಉಳಿದ 10 ಲಕ್ಷಕ್ಕೆ ಮಗ ಚೆಕ್ ಕೊಟ್ಟ, ಮೆಟ್ಟಿಲು ಇಳಿಯುವಾಗ "ಈಗಲೇ ಹಾಕ್ಬೇಡಿ ಅಪ್ಪಾ, ಬೋನಸ್ ಬರಲಿ" ಅಂದ. ಚೆಕ್ಕಿಗೆ ಮೂರು ತಿಂಗಳ ಆಯಸ್ಸು. ಅದು ಈಗಲೂ ಬೀರುವಿನಲ್ಲಿ, ಹಳೇ ಎಲ್‌ಐಸಿ ಕವರ್ ಒಳಗೆ ಇದೆ. ಕ್ರಯಪತ್ರದಲ್ಲಿ ಮಾತ್ರ "ಕ್ರಯದ ಹಣ ಪೂರ್ತಿ ಸಂದಾಯವಾಗಿದೆ" ಅಂತ ನನ್ನದೇ ರುಜು ಇದೆ.

ಇನ್ನು ತೆರಿಗೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನನಗೆ ಯಾರೂ ಹೇಳಲಿಲ್ಲ.

ಮರುವರ್ಷ ರಿಟರ್ನ್‌ನಲ್ಲಿ ಬರೀ ಪೆನ್ಷನ್ ತೋರಿಸಿದೆ. ಮಗನಿಗೆ ಕೊಟ್ಟಿದ್ದಕ್ಕೆ ಲಾಭ ಎಲ್ಲಿಂದ ಬಂತು ಅಂತ ನನ್ನ ಎಣಿಕೆ. 2025ರಲ್ಲಿ ನೋಟಿಸ್ ಬಂತು. ಆಗ 30 ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಆಸ್ತಿ ನೋಂದಣಿಯ ಮಾಹಿತಿ ನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ತಾನಾಗಿಯೇ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ನೋಟಿಸ್ ತೆಗೆದುಕೊಂಡು ಆಡಿಟರ್ ಹತ್ತಿರ ಹೋದೆ. ಅವರು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು.

ನಾನು ಮಾರಿದಾಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 50ಸಿ ಅಂತ ಒಂದು ಕಲಂ. ಪತ್ರದಲ್ಲಿ ಎಷ್ಟೇ ಬರೆಸಿರಿ, ಗೈಡೆನ್ಸ್ ವ್ಯಾಲ್ಯೂ ಅದಕ್ಕಿಂತ 10%ಗೂ ಜಾಸ್ತಿ ಇದ್ದರೆ, ಮಾರಿದವನಿಗೆ ಗೈಡೆನ್ಸ್‌ನಷ್ಟೇ ಹಣ ಬಂತು ಅಂತ ಲೆಕ್ಕ. ಅಂದರೆ ನನಗೆ 96 ಲಕ್ಷ ಬಂದ ಹಾಗೆ. 2001ರ ಏಪ್ರಿಲ್‌ನಲ್ಲಿ ಮನೆಯ ಬೆಲೆ 8 ಲಕ್ಷ ಅಂತ ಹಿಡಿದರು, ಮಾರಿದ ವರ್ಷದ ಹಣದುಬ್ಬರ ಸೂಚ್ಯಂಕ 348ರ (2001ಕ್ಕೆ 100) ಲೆಕ್ಕದಲ್ಲಿ ಅದು 27.84 ಲಕ್ಷ ಆಯಿತು. ಉಳಿದ 68 ಲಕ್ಷ ಚಿಲ್ಲರೆ ನನ್ನ "ಲಾಭ". ಅದರ ಮೇಲೆ ಆಗಿನ ದರ 20%, ಆದಾಯ 50 ಲಕ್ಷ ದಾಟಿತು ಅಂತ ಸರ್ಚಾರ್ಜು, ಅದರ ಮೇಲೆ ಸೆಸ್ಸು. ಕೂಡಿದರೆ ಹದಿನೈದೂವರೆ ಲಕ್ಷ. ನಿಜವಾಗಿ 40ಕ್ಕೆ ಲೆಕ್ಕ ಹಾಕಿದ್ದರೆ ಎರಡೂವರೆ ಲಕ್ಷದ ಆಸುಪಾಸು.

"ಹಾಗಾದ್ರೆ ಕಡಿಮೆಗೆ ತಗೊಂಡ ಮಗನಿಗೆ?" ಅಂದೆ. ಅವನಿಗೆ ಏನೂ ಇಲ್ಲ. ಬೇರೆಯವರಾಗಿದ್ದರೆ ಆ ವ್ಯತ್ಯಾಸ ಕೊಂಡವನ ಆದಾಯ ಅಂತ ಆಗುತ್ತಿತ್ತು, ತಂದೆಯಿಂದ ಬಂದದ್ದಕ್ಕೆ ವಿನಾಯಿತಿ. ಸುಮ್ನೆ ದಾನ ಕೊಟ್ಟಿದ್ದರೆ ನನಗೂ ತೆರಿಗೆ ಇರಲಿಲ್ಲ, ದಾನವನ್ನು ಮಾರಾಟ ಅಂತ ಎಣಿಸುವುದಿಲ್ಲ. ಅರ್ಧ ದಾನ, ಅರ್ಧ ಮಾರಾಟ ಮಾಡಿದವನೇ ಸಿಕ್ಕಿಹಾಕಿಕೊಳ್ಳುವುದು.

ಗೈಡೆನ್ಸ್ ಜಾಸ್ತಿಯಾಯಿತು, ಮೌಲ್ಯಮಾಪನ ಮಾಡಿಸಿ ಅಂತ ಇಲಾಖೆಯನ್ನೇ ಕೇಳುವ ದಾರಿ ಇದೆಯಂತೆ. ಆಡಿಟರ್ ನಕ್ಕರು. "ನಿಮ್ಮ ಬೀದೀಲಿ ಬೆಲೆ ಗೈಡೆನ್ಸ್‌ಗಿಂತ ಮೇಲೆ ಇದೆ ಸಾರ್. ಅದನ್ನ ಕೇಳಿದ್ರೂ ಏನೂ ಉಳಿಯಲ್ಲ, ಲೆಕ್ಕ ಗೈಡೆನ್ಸ್‌ಗೇ ನಿಲ್ಲುತ್ತೆ." ಬೇರೆ ಮನೆ ಕೊಂಡಿದ್ದರೆ, ಇಲ್ಲವೇ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ ಹಾಕಿದ್ದರೆ ಒಂದಿಷ್ಟು ಉಳಿಯುತ್ತಿತ್ತು. ಆ ಹೊತ್ತಿಗೆ 30ರಲ್ಲಿ 12 ಲಕ್ಷ ಮಗಳಿಗೆ ಕೊಟ್ಟಾಗಿತ್ತು, 8 ಲಕ್ಷ ಮಗನೇ ಮನೆಗೆ ಬಣ್ಣ, ಟೈಲ್ಸು, ಮಾಡ್ಯುಲರ್ ಅಡುಗೆಮನೆ ಅಂತ ವಾಪಸ್ ಪಡೆದಿದ್ದ.

ಇದರ ನಡುವೆಯೇ ಮಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಫ್ಲ್ಯಾಟ್ ನೋಡಿದ. ಎರಡು ಇಎಂಐ ಆಗುವುದಿಲ್ಲ, ಮೈಸೂರಿನದು ಮಾರುತ್ತೇನೆ ಅಂದ. ಮಾರಿದ. ನನ್ನನ್ನು ಕೇಳಬೇಕಾದ ಅಗತ್ಯ ಅವನಿಗೆ ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ವಕೀಲರನ್ನು ಕಂಡೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೆಳಗೆ ಎಸಿ (ಅಸಿಸ್ಟೆಂಟ್ ಕಮಿಷನರ್) ಮುಂದೆ ಅರ್ಜಿ ಹಾಕಿ ಮಕ್ಕಳಿಗೆ ಕೊಟ್ಟ ಆಸ್ತಿ ವಾಪಸ್ ಪಡೆಯಬಹುದು ಅಂತ ಕೇಳಿದ್ದೆ. ಪಡೆಯಬಹುದು, ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿರಬೇಕು. ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಒತ್ತಿ ಹೇಳಿದೆ. ನನ್ನದು ಶುದ್ಧ ಕ್ರಯಪತ್ರ. ಷರತ್ತಿಲ್ಲ, ಇಲ್ಲೇ ಇರುವ ಹಕ್ಕಿನ ಒಂದು ಸಾಲೂ ಇಲ್ಲ, ಹಣ ಪೂರ್ತಿ ಬಂತು ಅಂತ ಬೇರೆ ಇದೆ. ಮೇಲಾಗಿ ಮಗ ನಮ್ಮನ್ನು ಬಿಟ್ಟಿಲ್ಲ. ನಾವೀಗ ಇರುವ ಎರಡು ರೂಮಿನ ಮನೆಯ ಬಾಡಿಗೆ ಅವನೇ ಕಟ್ಟುತ್ತಾನೆ, ಹೈದರಾಬಾದಿಗೆ ಬನ್ನಿ ಅಂತ ವಾರಕ್ಕೊಮ್ಮೆ ಕರೆಯುತ್ತಾನೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಬರಹ ಬರೆಯುವುದು ನನಗೆ ಸುಲಭವಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಈ ಮಾತು ಎದ್ದಿದ್ದರೆ, ಕೊಡುವುದಾದರೆ ಕೊಟ್ಟುಬಿಡಿ. ದಾನಪತ್ರದಲ್ಲೇ ಆರೈಕೆಯ ಷರತ್ತು, ಗಂಡ ಹೆಂಡತಿ ಇಬ್ಬರಿಗೂ ಬದುಕಿರುವವರೆಗೆ ಅಲ್ಲೇ ವಾಸದ ಹಕ್ಕು, ಎರಡನ್ನೂ ಬರೆಸಿ. ಆತುರವಿಲ್ಲದಿದ್ದರೆ ಉಯಿಲು ಸಾಕು, ಮನಸ್ಸು ಬದಲಾದರೆ ಬದಲಾಯಿಸಬಹುದು. ಮಾರುವುದೇ ಆದರೆ ಗೈಡೆನ್ಸ್‌ಗೆ ಕಡಿಮೆಯಾಗದ ಹಾಗೆ ಮಾರಿ, ರುಜು ಹಾಕುವ ಮುಂಚೆ ಪೂರ್ತಿ ಹಣ ಖಾತೆಗೆ ಬಂದಿರಲಿ. ಆಡಿಟರ್ ನಿಮ್ಮವರಾಗಿರಲಿ. ನಾನು ಮಗನ ಸ್ನೇಹಿತನನ್ನು ಕೇಳಿದ್ದೆ, ಅವನು ಮಗನ ಕಡೆಯ ಲೆಕ್ಕವನ್ನಷ್ಟೇ ಸರಿಯಾಗಿ ನೋಡಿದ್ದ.

ತೆರಿಗೆಯ ಮೊದಲ ಕಂತಿಗೆ ದುಡ್ಡು ಹೊಂದಿಸಿದವಳು ಮಗಳು. ನಾನು ಕೊಟ್ಟ 12 ಲಕ್ಷದಲ್ಲಿ ಉಳಿದಿದ್ದನ್ನು ತಂದಿಟ್ಟಳು. ನನ್ನ ಹೆಂಡತಿ ಅವತ್ತು ಅವಳ ಎದುರಿಗೆ ಕೂರಲಿಲ್ಲ, ಅಡುಗೆಮನೆಯಲ್ಲೇ ಇದ್ದಳು.

ಮನೆ ಕೊಂಡವರು ಮೊನ್ನೆ ಫೋನ್ ಮಾಡಿದ್ದರು. ಮೇಲಿನ ಟ್ಯಾಂಕಿಗೆ ನೀರು ಏರುತ್ತಿಲ್ಲ, ಸಂಪಿನ ವಾಲ್ವ್ ಎಲ್ಲಿದೆ ಸಾರ್ ಅಂತ. ಫೋನಿನಲ್ಲಿ ಹೇಳಿದರೆ ಗೊತ್ತಾಗುವ ಜಾಗ ಅಲ್ಲ ಅದು, ತೆಂಗಿನ ಮರದ ಬುಡದ ಚಪ್ಪಡಿ ಕೆಳಗಿದೆ. ಹೋಗಿ ತೋರಿಸಿ ಬಂದೆ.